ಮೈ ಬದಲಿಸಿದವರು ಯಾರು? ಪೂರ್ವ ಏಷ್ಯಾದ ಪರದೆಯ ರೂಪಾಂತರಿ ನಾಯಕರು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸವೆಂದರೆ ಸಾಮಾನ್ಯವಾಗಿ ಒಬ್ಬ ಕವಿ, ಒಂದು ಶಾಸನ ಇಲ್ಲವೇ ಒಂದು ದರ್ಶನ. ರಬ್ಬರಿನ ಉಡುಪು ತೊಟ್ಟು ಆಟಿಕೆಯಂಥ ಕಟ್ಟಡಗಳ ನಡುವೆ ಹೊಡೆದಾಡುವ ನಾಯಕರ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಬೇಡವೆನ್ನಲಿಲ್ಲ. ಅವರಿಗೆ ಕೃತಜ್ಞತೆ ಹೇಳಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಜಪಾನ್, ಹಾಂಗ್‌ಕಾಂಗ್, ಕೊರಿಯಾಗಳ ಪರದೆಯ ಮೇಲೆ ಕಳೆದ ಅರವತ್ತು ವರ್ಷಗಳಿಂದ ಒಂದು ಜಾತಿಯ ನಾಯಕ ಬೆಳೆದು ಬಂದಿದ್ದಾನೆ. ಅವನು ಸಾಧಾರಣ ಮನುಷ್ಯ. ಸಂಕಟದ ಹೊತ್ತಿನಲ್ಲಿ ಕೈಯೆತ್ತುತ್ತಾನೆ, ಒಂದು ಮಾತು ಕೂಗುತ್ತಾನೆ, ಮೈ ಬದಲಾಗುತ್ತದೆ. ಅಮೆರಿಕದ ಸೂಪರ್‌ಮ್ಯಾನ್‌ಗೆ ಇದು ಬೇಕಿಲ್ಲ. ಅವನು ಹುಟ್ಟಿನಿಂದಲೇ ಬಲಶಾಲಿ. ಕಚೇರಿಗೆ ಹೋಗುವ ಕ್ಲಾರ್ಕ್ ಕೆಂಟೇ ಅವನ ವೇಷ. ಬ್ಯಾಟ್‌ಮ್ಯಾನ್ ಉಡುಪು ತೊಡುತ್ತಾನೆ, ಒಳಗಿನ ಮೈ ಹಾಗೇ ಇರುತ್ತದೆ. ನಾನು ಹೇಳುತ್ತಿರುವ ನಾಯಕನಿಗಾದರೋ ಮೈಯೇ ಮಾರ್ಪಡುತ್ತದೆ. ಹಾಗೆಂದು ಅವನು ನಮ್ಮ ಪುರಾಣಗಳ ಕಾಮರೂಪಿಯಲ್ಲ. ಬೇಕೆಂದಾಗ ಬೇಕಾದ ರೂಪ ತಾಳುವ ಸ್ವಾತಂತ್ರ್ಯ ಅವನಿಗಿಲ್ಲ. ಅವನ ರೂಪಾಂತರಕ್ಕೆ ಶರತ್ತುಗಳಿವೆ, ಗಡುವು ಇದೆ, ಬೆಲೆಯೂ ಇದೆ.

ಇಂಥ ನಾಯಕನನ್ನು ನೋಡುವಾಗ ಅವನಿಗೆ ಎಷ್ಟು ಬಲವಿದೆ, ಯಾವ ಅಸ್ತ್ರವಿದೆ ಎಂದು ಕೇಳುವುದು ವಾಡಿಕೆ. ನಾನು ಕೇಳುವುದು ಇನ್ನೊಂದು ಪ್ರಶ್ನೆ: ಇವನ ಮೈಯನ್ನು ಬದಲಿಸಿದವರು ಯಾರು? ಇವನನ್ನು ಕೇಳಿ ಬದಲಿಸಿದರೇ? ಈ ಸಿನಿಮಾಗಳ ಇತಿಹಾಸವೂ ಆಕರ್ಷಣೆಯೂ ಈ ಪ್ರಶ್ನೆಯಲ್ಲೇ ಇವೆ ಎಂಬುದು ನನ್ನ ವಾದ.

ಕ್ಯಾಮೆರಾಕ್ಕಿಂತ ಹಳೆಯ ಬೇರುಗಳು

ಪೂರ್ವ ಏಷ್ಯಾದಲ್ಲಿ ಮೈ ಬದಲಿಸುವವರ ಪೈಕಿ ಹಿರಿಯನೆಂದರೆ ಚೀನಾದ ಕಪಿವೀರ ಸುನ್ ವುಕೊಂಗ್. 16ನೇ ಶತಮಾನದ 'ಪಶ್ಚಿಮ ಯಾತ್ರೆ' ಕಾದಂಬರಿಯ ಈ ಕಪಿಗೆ 72 ರೂಪಾಂತರಗಳ ವಿದ್ಯೆ ಗೊತ್ತು. ಅದರಲ್ಲೊಂದು ಪ್ರಸಂಗವಿದೆ. ದೇವಸೇನಾನಿ ಅರ್‌ಲಾಂಗ್ ಬೆನ್ನಟ್ಟಿ ಬಂದಾಗ ವುಕೊಂಗ್ ಒಂದು ಗುಡಿಯ ರೂಪ ತಾಳುತ್ತಾನೆ. ಬಾಯಿ ಬಾಗಿಲಾಗುತ್ತದೆ, ಹಲ್ಲುಗಳು ಕದಗಳಾಗುತ್ತವೆ, ಕಣ್ಣುಗಳು ಕಿಟಕಿಗಳಾಗುತ್ತವೆ. ಬಾಲವನ್ನು ಏನು ಮಾಡುವುದೆಂದು ತೋಚದೆ ಗುಡಿಯ ಹಿಂದೆ ಧ್ವಜಸ್ತಂಭವಾಗಿ ನಿಲ್ಲಿಸುತ್ತಾನೆ. ಹಿಂಭಾಗದಲ್ಲಿ ಧ್ವಜಸ್ತಂಭವಿರುವ ಗುಡಿಯನ್ನು ಯಾರು ಕಂಡಿದ್ದಾರೆ? ಅರ್‌ಲಾಂಗ್ ತಟ್ಟನೆ ಗುರುತು ಹಿಡಿಯುತ್ತಾನೆ. ರೂಪಾಂತರ ಎಂದೂ ಪೂರ್ಣವಲ್ಲ, ಹಳೆಯ ಮೈಯ ಒಂದು ತುಣುಕು ಹೊರಗೆ ಚಾಚಿಕೊಂಡೇ ಇರುತ್ತದೆ ಎಂಬ ತಿಳಿವು ಇಲ್ಲೇ ಇದೆ. ಈ ಕಪಿಯ ಮೂಲ ನಮ್ಮ ಹನುಮಂತನೇ ಎಂದು 1920ರ ದಶಕದಲ್ಲಿ ಚೀನೀ ವಿದ್ವಾಂಸ ಹು ಶಿ ವಾದಿಸಿದರು; ಲೇಖಕ ಲು ಶುನ್ ಅದನ್ನು ಒಪ್ಪದೆ ಚೀನಾದ್ದೇ ಜಲಪಿಶಾಚಿಯೊಂದರ ಕಡೆ ಬೆರಳು ತೋರಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಎರಡನೆಯ ಬೇರು ಜಪಾನಿನ ಕಬುಕಿ ರಂಗಭೂಮಿಯದು. ಅಲ್ಲಿ ಹಿಕಿನುಕಿ ಎಂಬ ತಂತ್ರವಿದೆ. ನಟನ ಮೇಲುಡುಪನ್ನು ಸಡಿಲ ಹೊಲಿಗೆಯಲ್ಲಿ ಕೂಡಿಸಿರುತ್ತಾರೆ. ಸರಿಯಾದ ಗಳಿಗೆಗೆ ರಂಗಸಹಾಯಕ ಹಿಂದಿನಿಂದ ದಾರಗಳನ್ನು ಎಳೆದರೆ ಇಡೀ ಉಡುಪು ಕಳಚಿ, ಒಳಗಿನ ಬೇರೆ ಬಣ್ಣದ ಉಡುಪು ಪ್ರೇಕ್ಷಕರ ಕಣ್ಣೆದುರೇ ಕಾಣಿಸಿಕೊಳ್ಳುತ್ತದೆ. ಬದಲಾವಣೆಯನ್ನು ನೇಪಥ್ಯದಲ್ಲಿ ಮುಚ್ಚಿಡದೆ ಅದನ್ನೇ ದೃಶ್ಯವಾಗಿಸುವುದು ಈ ರಂಗದ ಪದ್ಧತಿ. ಕಥೆ ಕಾವೇರಿದಾಗ ನಟ ಒಂದು ಭಂಗಿಯಲ್ಲಿ ಹೆಪ್ಪುಗಟ್ಟಿ ಕಣ್ಣರಳಿಸಿ ನಿಲ್ಲುವ 'ಮಿಯೆ'ಯೂ ಉಂಟು. ಪಕ್ಕದಲ್ಲಿ ಕೂತವನು ಹಲಗೆಯ ಮೇಲೆ ಮರದ ತುಂಡುಗಳನ್ನು ಬಡಿದು ಅದಕ್ಕೆ ಒತ್ತು ಕೊಡುತ್ತಾನೆ. 1862ರಲ್ಲಿ ಮೊಕುಆಮಿ ಬರೆದ ನಾಟಕವೊಂದರಲ್ಲಿ ಐವರು ಕಳ್ಳರು ಸಾಲಾಗಿ ನಿಂತು ಒಬ್ಬೊಬ್ಬರಾಗಿ ತಮ್ಮ ಪರಿಚಯ ಹೇಳಿಕೊಳ್ಳುವ ದೃಶ್ಯ ಬಲು ಪ್ರಸಿದ್ಧ. 1975ರಲ್ಲಿ ತೋಯೆಯಿ ಸಂಸ್ಥೆಯ 'ಗೊರೇಂಜರ್' ಸರಣಿಯಲ್ಲಿ ಐದು ಬಣ್ಣದ ಐವರು ವೀರರು ಸಾಲಾಗಿ ನಿಂತು ಹೆಸರು ಕೂಗಿಕೊಂಡಾಗ ಜಪಾನಿನ ಹಿರಿಯರಿಗೆ ಅದು ಪರಿಚಿತ ದೃಶ್ಯವೇ ಆಗಿತ್ತು. ಯಕ್ಷಗಾನದ ಒಡ್ಡೋಲಗವನ್ನು ಕಂಡವರಿಗೆ ಇದರ ರುಚಿ ವಿವರಿಸಬೇಕಾಗಿಲ್ಲ: ಪಾತ್ರ ಏನು ಮಾಡುತ್ತದೆ ಎನ್ನುವುದಕ್ಕಿಂತ ಹೇಗೆ ಬರುತ್ತದೆ ಎನ್ನುವುದೇ ಮೊದಲ ಸುಖ.

ಮೂರನೆಯದು ಬೀದಿಯ ಬೇರು. 1930ರ ದಶಕದ ಆರಂಭದಲ್ಲಿ ಜಪಾನಿನ ಪಟ್ಟಣಗಳಲ್ಲಿ ಸೈಕಲ್ ಮೇಲೆ ಬಂದು, ಮಕ್ಕಳಿಗೆ ಮಿಠಾಯಿ ಮಾರಿ, ಚಿತ್ರದ ಹಲಗೆಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ಹೇಳುವವರಿದ್ದರು. ಅವರ ಕಥೆಗಳಲ್ಲಿ 'ಚಿನ್ನದ ಬಾವಲಿ' ಎಂಬ ನಾಯಕ ಹುಟ್ಟಿದ. ತಲೆಬುರುಡೆಯ ಮುಖ, ಬೆನ್ನಿಗೆ ಹಾರುವ ನಿಲುವಂಗಿ, ಗಹಗಹಿಸುವ ನಗು. ಅಮೆರಿಕದಲ್ಲಿ ಸೂಪರ್‌ಮ್ಯಾನ್ ಅಚ್ಚಾದದ್ದು 1938ರಲ್ಲಿ. ಅಂದರೆ ಈ ಜಾತಿಯ ನಾಯಕ ಅಮೆರಿಕದ ನಕಲು ಎಂಬ ಮಾತು ಪೂರ್ತಿ ನಿಜವಲ್ಲ.

1958ರಲ್ಲಿ ಕವಾಉಚಿ ಕೊಹಾನ್ ಬರೆದ 'ಗೆಕ್ಕೊ ಕಮೆನ್' ಜಪಾನಿನ ಟಿವಿಗೆ ಬಂತು. ಬಿಳಿ ಪೇಟ, ಕಪ್ಪು ಕನ್ನಡಕ, ಮೋಟರ್‌ಸೈಕಲ್. ಈ ಬೆಳದಿಂಗಳ ಮುಖವಾಡದವನಿಗೆ ಕವಾಉಚಿಯವರ ಮಾದರಿ ಬೌದ್ಧರ ಚಂದ್ರಪ್ರಭ ಬೋಧಿಸತ್ತ್ವ. ವೈರಿಯನ್ನು ದ್ವೇಷಿಸಬಾರದು, ಕೊಲ್ಲಬಾರದು, ಕ್ಷಮಿಸಬೇಕು ಎಂಬುದು ಅವನ ವ್ರತ. ಆದರೂ ಇವನು ಇನ್ನೂ ಮುಖವಾಡದ ನಾಯಕನೇ. ಮುಖ ಮುಚ್ಚಿದ್ದಾನೆ, ಮೈ ಬದಲಿಸಿಲ್ಲ.

ಪ್ರಾಣದ ಸಾಲ: ಅಲ್ಟ್ರಾಮನ್

ಮೈ ಬದಲಿಸುವ ಕೆಲಸಕ್ಕೆ ಟ್ರಿಕ್ ಶಾಟ್‌ಗಳ ಮಾಂತ್ರಿಕನೊಬ್ಬ ಬೇಕಿತ್ತು. ಆತ 1901ರಲ್ಲಿ ಫುಕುಶಿಮಾ ಪ್ರಾಂತ್ಯದಲ್ಲಿ ಹುಟ್ಟಿದ ತ್ಸುಬುರಾಯಾ ಎಯಿಜಿ. 1940ರಲ್ಲಿ ತೋಹೋ ಸಂಸ್ಥೆ ಅದೇ ಕಪಿವೀರನ ಕಥೆಯನ್ನು ಹಾಸ್ಯಚಿತ್ರವಾಗಿ ತೆಗೆದಾಗ ಅದರ ಟ್ರಿಕ್ ಶಾಟ್‌ಗಳು ಇವರವು. ಯುದ್ಧಕಾಲದಲ್ಲಿ ಇವರೇ ಪರ್ಲ್ ಹಾರ್ಬರ್ ದಾಳಿಯ ಪ್ರಚಾರಚಿತ್ರಕ್ಕೆ ಆಟಿಕೆ ಹಡಗುಗಳ ಬಂದರನ್ನು ಕಟ್ಟಿದರು. 1954ರಲ್ಲಿ ಹೊಂಡಾ ಇಶಿರೋ ನಿರ್ದೇಶನದ 'ಗಾಡ್ಜಿಲಾ'ಗಾಗಿ ಆಟಿಕೆ ಟೋಕಿಯೊವನ್ನು ಕಟ್ಟಿ ಕೆಡವಿದರು. ಒಂದೇ ಕೈ ಪುರಾಣದ ಕಪಿಗೆ, ಯುದ್ಧದ ಪ್ರಚಾರಕ್ಕೆ, ಅಣುಬಾಂಬಿನ ಭೀತಿಗೆ ದೃಶ್ಯರೂಪ ಕೊಟ್ಟಿತು.

1966ರ ಜುಲೈಯಲ್ಲಿ ಅವರ ಸಂಸ್ಥೆ ಟಿಬಿಎಸ್ ವಾಹಿನಿಗೆ ಕೊಟ್ಟ 'ಅಲ್ಟ್ರಾಮನ್' ಸರಣಿಯ ಮೊದಲ ಕಂತನ್ನು ನೋಡಿ. ಬಾಹ್ಯಾಕಾಶದಿಂದ ದೈತ್ಯಪ್ರಾಣಿಯೊಂದನ್ನು ಅಟ್ಟಿಸಿಕೊಂಡು ಬಂದ ಕೆಂಪು ಗೋಳ ಹಯಾತಾ ಎಂಬ ಯುವಕನ ವಿಮಾನಕ್ಕೆ ಡಿಕ್ಕಿ ಹೊಡೆಯುತ್ತದೆ. ಹಯಾತಾ ಸಾಯುತ್ತಾನೆ. ಗೋಳದೊಳಗಿದ್ದ ಪರಲೋಕದವನು ತನ್ನಿಂದಾದ ಅನಾಹುತಕ್ಕೆ ಮರುಗಿ ತನ್ನ ಪ್ರಾಣವನ್ನೇ ಅವನೊಡನೆ ಹಂಚಿಕೊಳ್ಳುತ್ತಾನೆ. ಜಪಾನಿನ ಅತಿ ಜನಪ್ರಿಯ ನಾಯಕನ ಕಥೆ ಶುರುವಾಗುವುದು ಒಂದು ಅಪಘಾತದಿಂದ. ಅದರಲ್ಲಿ ತಪ್ಪು ನಾಯಕನದೇ. ನನ್ನ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ: ಮೈ ಬದಲಿಸಿದವನು ಹೊರಗಿನವನು, ಸತ್ತವನನ್ನು ಕೇಳುವ ಅವಕಾಶವೇ ಇರಲಿಲ್ಲ, ಬಲವೆಂಬುದು ಪ್ರಾಯಶ್ಚಿತ್ತದ ರೂಪದಲ್ಲಿ ಬಂತು. ಸರಣಿಯ ಮುಖ್ಯ ಲೇಖಕ ಕಿಂಜೋ ತೆತ್ಸುವೊ ಒಕಿನಾವಾದವರು. 1972ರವರೆಗೂ ಒಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಎರಡು ಲೋಕಗಳಿಗೆ ಸೇರಿದ, ಒಂದರಲ್ಲೂ ಪೂರ್ತಿ ನೆಲೆಯಿಲ್ಲದ ನಾಯಕನನ್ನು ಅಂಥ ಲೇಖಕರು ಬರೆದದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ನಾಯಕನ ರೂಪವನ್ನು ಕಲ್ಪಿಸಿದವರು ಶಿಲ್ಪಿ ನರಿತಾ ತೊಹ್ರು. ಬೆಳ್ಳಿಯ ಮೈ, ಕೆಂಪು ಗೆರೆಗಳು, ಪ್ರಾಚೀನ ಶಿಲ್ಪಗಳ ತುಟಿಯಂಚಿನ ಆ ಸಣ್ಣ ನಗು. ನಿರ್ಮಾಪಕರು ಎದೆಯ ಮೇಲೊಂದು ದೀಪ ಕೂರಿಸಿದರು. ಶಿಲ್ಪಿಗೆ ಅದು ಹಿಡಿಸಲಿಲ್ಲ. ಕಥೆಯ ಪ್ರಕಾರ ಭೂಮಿಯ ಮೇಲೆ ಅಲ್ಟ್ರಾಮನ್ ನಿಲ್ಲಬಲ್ಲದ್ದು 3 ನಿಮಿಷ ಮಾತ್ರ. ಶಕ್ತಿ ಕುಂದಿದಂತೆ ನೀಲಿ ದೀಪ ಕೆಂಪಾಗಿ ಮಿನುಗುತ್ತದೆ. ರೂಪಾಂತರಕ್ಕೆ ಗಡುವು ಬಂದದ್ದು ಹೀಗೆ. 2022ರ 'ಶಿನ್ ಅಲ್ಟ್ರಾಮನ್' ಚಿತ್ರದಲ್ಲಿ ನರಿತಾರ ಮೂಲ ಕಲ್ಪನೆಯನ್ನು ಗೌರವಿಸಿ ಆ ದೀಪವನ್ನು ಕೈಬಿಟ್ಟರು. ಕಲಾವಿದನ ಆಸೆ ಈಡೇರಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು.

ಈ ಸರಣಿಯ 23ನೇ ಕಂತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿರ್ದೇಶಕ ಜಿಸ್ಸೋಜಿ ಅಕಿಯೊ, ಲೇಖಕ ಸಸಾಕಿ ಮಾಮೊರು. ಜಮೀಲಾ ಎಂಬ ದೈತ್ಯಪ್ರಾಣಿ ಶಾಂತಿ ಸಮ್ಮೇಳನಕ್ಕೆ ಬರುವವರ ಮೇಲೆ ದಾಳಿ ಮಾಡುತ್ತಿದೆ. ವಿಚಾರಿಸಿದರೆ ಅದು ಪ್ರಾಣಿಯೇ ಅಲ್ಲ, ಮನುಷ್ಯ. ಬಾಹ್ಯಾಕಾಶಕ್ಕೆ ಕಳಿಸಿ, ದಾರಿ ತಪ್ಪಿದಾಗ ಸುದ್ದಿ ಮುಚ್ಚಿಟ್ಟು ಕೈಬಿಟ್ಟ ಯಾತ್ರಿಕ. ನೀರಿಲ್ಲದ ಗ್ರಹದಲ್ಲಿ ಬದುಕಿ ಅವನ ಮೈ ಹೀಗಾಗಿದೆ. ಅವನ ಗುರುತು ಹೊರಬೀಳದಂತೆ ಮುಗಿಸಿ ಎಂದು ಮೇಲಿನವರ ಆಜ್ಞೆ. ಅಲ್ಟ್ರಾಮನ್ ಅವನ ಮೇಲೆ ನೀರು ಹಾಯಿಸುತ್ತಾನೆ. ಕೆಸರಿನಲ್ಲಿ ಹೊರಳುತ್ತ ಸಾಯುವ ಜಮೀಲಾನ ಕೂಗು ಎಳೆಗೂಸಿನ ಅಳುವಿನಂತೆ ಕೇಳುತ್ತದೆ. ಕೊನೆಗೆ ಅವನಿಗೊಂದು ಸಮಾಧಿಫಲಕ ನಿಲ್ಲಿಸಿ ಹೊಗಳಿಕೆಯ ಮಾತು ಕೆತ್ತಿಸುತ್ತಾರೆ. ಆ ಮಾತುಗಳ ಪೊಳ್ಳುತನವನ್ನು ಹಯಾತಾನ ತಂಡದ 'ಇದೆ' ಎಂಬ ಸದಸ್ಯ ಅಲ್ಲೇ ಎತ್ತಿ ಆಡುತ್ತಾನೆ. ರೂಪಾಂತರ ಹೊಂದಿದವನು ನಾಯಕನೂ ಆಗಬಹುದು, ಬೇಟೆಯೂ ಆಗಬಹುದು. ವ್ಯತ್ಯಾಸವಿರುವುದು ಬದಲಿಸಿದವರು ಅವನನ್ನು ಆಮೇಲೆ ಹೇಗೆ ನಡೆಸಿಕೊಂಡರು ಎಂಬುದರಲ್ಲಿ. ಮಕ್ಕಳ ಕಾರ್ಯಕ್ರಮವೊಂದು ಇಷ್ಟನ್ನು ಅರ್ಧ ಗಂಟೆಯೊಳಗೆ ಹೇಳಿ ಮುಗಿಸಿತು.

ವೈರಿ ಕೊಟ್ಟ ಮೈ: ಕಾಮೆನ್ ರೈಡರ್

1971ರ ಏಪ್ರಿಲ್ 3ರಂದು ತೋಯೆಯಿ ಸಂಸ್ಥೆಯ 'ಕಾಮೆನ್ ರೈಡರ್' ಶುರುವಾಯಿತು. ಕಲ್ಪನೆ ಕಾಮಿಕ್ಸ್ ಕಲಾವಿದ ಇಶಿನೊಮೊರಿ ಶೊತಾರೋ ಅವರದು. ಹೊಂಗೊ ತಾಕೆಶಿ ಎಂಬ ವಿಶ್ವವಿದ್ಯಾಲಯದ ವಿದ್ಯಾರ್ಥಿಯನ್ನು 'ಶಾಕರ್' ಎಂಬ ದುಷ್ಟ ಸಂಘಟನೆ ಅಪಹರಿಸಿ, ಶಸ್ತ್ರಚಿಕಿತ್ಸೆ ಮಾಡಿ ಮಿಡತೆ-ಮನುಷ್ಯನನ್ನಾಗಿಸುತ್ತದೆ. ಮಿದುಳನ್ನು ಮಾರ್ಪಡಿಸುವ ಮುನ್ನ ಅವನು ತಪ್ಪಿಸಿಕೊಳ್ಳುತ್ತಾನೆ. ಅಂದಿನಿಂದ ಅವನು ಹೋರಾಡುವುದು ವೈರಿಯೇ ಕೊಟ್ಟ ಮೈಯಿಂದ. ಅವನು ಸದೆಬಡಿಯುವ ವಿಕಾರಜೀವಿಗಳೂ ಅದೇ ಮೇಜಿನ ಮೇಲೆ ತಯಾರಾದವು. ತಪ್ಪಿಸಿಕೊಳ್ಳುವುದು ಕೊಂಚ ತಡವಾಗಿದ್ದರೆ ಅವನೂ ಅವುಗಳಲ್ಲೊಂದಾಗುತ್ತಿದ್ದ. ಸೋತು, ಗೆದ್ದವರ ಯಂತ್ರ ಮತ್ತು ಕಾನೂನುಗಳಿಂದಲೇ ಮರುನಿರ್ಮಾಣಗೊಂಡ ದೇಶದ ಮಕ್ಕಳು ಈ ಕಥೆಯ ಸಂಕಟವನ್ನು ವಿವರಣೆಯಿಲ್ಲದೆ ಹಿಡಿದರು ಎಂದು ನಾನು ಓದುತ್ತೇನೆ.

ಇಂದು ಲೋಕಪ್ರಸಿದ್ಧವಾಗಿರುವ ರೂಪಾಂತರದ ಭಂಗಿ ಹುಟ್ಟಿದ್ದು ಮಾತ್ರ ಯಾವ ಸಿದ್ಧಾಂತದಿಂದಲೂ ಅಲ್ಲ, ಶೂಟಿಂಗ್‌ನ ಪೇಚಾಟದಿಂದ. ಮೊದಮೊದಲು ಹೊಂಗೊ ಮೋಟರ್‌ಸೈಕಲ್ ಓಡಿಸುತ್ತಿದ್ದ. ಬೆಲ್ಟಿನ ಚಕ್ರಕ್ಕೆ ಗಾಳಿ ಹೊಕ್ಕು ಮೈ ಬದಲಾಗುತ್ತಿತ್ತು. ಆ ಪಾತ್ರದ ನಟ ಫುಜಿಓಕಾ ಹಿರೋಶಿ ಆರಂಭದ ಕಂತುಗಳಲ್ಲಿ ರೈಡರ್ ಉಡುಪನ್ನೂ ತಾವೇ ತೊಡುತ್ತಿದ್ದರು. ಚಿತ್ರೀಕರಣದಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿಯಿತು. ನಾಯಕನನ್ನು ಕೊಲ್ಲಲು ಮನಸ್ಸಿಲ್ಲದ ತಂಡ ಎರಡನೆಯ ರೈಡರ್‌ನನ್ನು ತಂದಿತು: ಛಾಯಾಗ್ರಾಹಕ ಇಚಿಮೊಂಜಿ ಹಯಾತೊ, ನಟ ಸಸಾಕಿ ತಾಕೆಶಿ. ಸಸಾಕಿ ಅವರ ಬಳಿ ಬೈಕ್ ಲೈಸೆನ್ಸ್ ಇರಲಿಲ್ಲ. ಬೈಕ್ ಓಡಿಸದೆ ಮೈ ಬದಲಿಸುವುದು ಹೇಗೆ? ನಿಂತಲ್ಲೇ ಕೈಗಳನ್ನು ಒಂದು ಬದಿಗೆ ಚಾಚಿ, ವೃತ್ತಾಕಾರವಾಗಿ ತಿರುಗಿಸಿ, 'ಹೆನ್‌ಶಿನ್' (ಮೈ ಬದಲಾವಣೆ) ಎಂದು ಕೂಗುವ ಭಂಗಿಯನ್ನು ಕಟ್ಟಿದರು. ಆ ವರ್ಷದ ಜುಲೈಯಲ್ಲಿ ಅದು ಪ್ರಸಾರವಾದ ಮೇಲೆ ದೇಶದ ತುಂಬ ಮಕ್ಕಳು ಅದನ್ನೇ ಮಾಡತೊಡಗಿದರು.

ವ್ಯಾಪಾರ ಬೆನ್ನಿಗೇ ಬಂತು. ಬಂದಾಯಿಯ ಅಂಗಸಂಸ್ಥೆ ಪೋಪಿ ಹೊಳೆದು ತಿರುಗುವ ಬೆಲ್ಟ್ ಮಾರಿತು. ಕ್ಯಾಲ್ಬೀ ಕಂಪನಿಯ ರೈಡರ್ ತಿಂಡಿಯ ಜೊತೆ ಸಿಗುವ ಚಿತ್ರದ ಕಾರ್ಡಿಗಾಗಿ ಮಕ್ಕಳು ತಿಂಡಿಯನ್ನೇ ಬಿಸಾಡತೊಡಗಿ ಅದೊಂದು ಸಾಮಾಜಿಕ ಚರ್ಚೆಯಾಯಿತು. ಇದೆಲ್ಲ ಬರೀ ಆಟಿಕೆಯ ದಂಧೆ ಎನ್ನುವ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಅದನ್ನು ತಳ್ಳಿಹಾಕಲಾರೆ. ಆದರೆ ಈ ನಾಯಕರ ಹೆಸರಿನಲ್ಲಿ ಮಕ್ಕಳು ಹಟ ಹಿಡಿದದ್ದು ಕತ್ತಿ ಬಂದೂಕುಗಳಿಗಿಂತ ಹೆಚ್ಚಾಗಿ ರೈಡರ್‌ನ ಬೆಲ್ಟಿಗೆ ಮತ್ತು ಅಲ್ಟ್ರಾಮನ್‌ನ ಕ್ಯಾಪ್ಸೂಲಿಗೆ, ಅಂದರೆ ಮೈ ಬದಲಿಸುವ ಸಾಧನಕ್ಕೆ. ಮಗುವಿಗೆ ಬೇಕಾದದ್ದು ಗೆಲುವಿಗಿಂತ ಮೊದಲಿನ ಆ ಗಳಿಗೆ.

ಕಡಲು ದಾಟಿದಾಗ

ಅದೇ ಮಾದರಿ ಬೇರೆ ದೇಶಕ್ಕೆ ಹೋದಾಗ ನನ್ನ ಪ್ರಶ್ನೆಗೆ ಬೇರೆ ಉತ್ತರ ಸಿಗುತ್ತದೆ.

ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ 1975ರಲ್ಲಿ ಹುವಾ ಶಾನ್ ನಿರ್ದೇಶನದಲ್ಲಿ 'ಸೂಪರ್ ಇನ್‌ಫ್ರಾಮ್ಯಾನ್' ತೆಗೆಯಿತು. ಚಿತ್ರಕಥೆ ನಿ ಕುವಾಂಗ್ ಅವರದು. ನಾಯಕ ಡ್ಯಾನಿ ಲೀ, ಮುಂದೆ ಜಾನ್ ವೂ ಅವರ 'ದಿ ಕಿಲ್ಲರ್'ನಲ್ಲಿ ಪೊಲೀಸ್ ಪಾತ್ರ ಮಾಡಿದವರು. ಭೂಗರ್ಭದಿಂದ ಎದ್ದ ರಾಕ್ಷಸರಾಣಿಯನ್ನು ಎದುರಿಸಲು ವಿಜ್ಞಾನಿಯೊಬ್ಬ ಯೋಜನೆ ಸಿದ್ಧಪಡಿಸಿದಾಗ, ನಾಯಕ ಅಪಾಯ ತಿಳಿದೂ ತಾನಾಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುತ್ತಾನೆ. ಜಪಾನಿನ ರೈಡರ್‌ಗೆ ಹಗ್ಗ ಬಿಗಿದಿದ್ದ ಮೇಜೇ ಇದು. ಇಲ್ಲಿ ಮಾತ್ರ ಒಪ್ಪಿಗೆಯಿದೆ. ಬ್ರೂಸ್ ಲೀ ತೀರಿಕೊಂಡು ಎರಡು ವರ್ಷವಾಗಿದ್ದ, ಕುಂಗ್‌ಫೂ ಚಿತ್ರಗಳ ಭರಾಟೆಯ ಕಾಲ. ಕಷ್ಟಪಟ್ಟು ಸ್ವಇಚ್ಛೆಯಿಂದ ಮೈಯನ್ನು ಹುರಿಗೊಳಿಸಿಕೊಳ್ಳುವ ಶಿಷ್ಯನ ಕಥೆ ಅಲ್ಲಿನ ಪ್ರೇಕ್ಷಕರ ರಕ್ತದಲ್ಲೇ ಇತ್ತು. ಆದ್ದರಿಂದ ಈ ನಾಯಕನಲ್ಲಿ ಹೊಂಗೊನ ವಿಷಾದವಿಲ್ಲ, ಹುರುಪಿದೆ.

ಕೊರಿಯಾದಲ್ಲಿ ಜಪಾನೀ ಸಿನಿಮಾಗಳಿಗೆ 1998ರವರೆಗೂ ಬಾಗಿಲು ಮುಚ್ಚಿತ್ತು. ಆದರೂ 1986ರಲ್ಲಿ ಕಿಮ್ ಚಂಗ್-ಗಿ ನಟರ ದೃಶ್ಯಗಳಿಗೆ ಅನಿಮೇಷನ್ ಬೆರೆಸಿ 'ಉರೆಮೆ' ತೆಗೆದರು. ಎಲ್ಲರಿಂದ ನಗೆಪಾಟಲಾಗುವ ಪೆದ್ದ ಹುಡುಗ ಎಸ್ಪರ್‌ಮನ್ ಆಗುತ್ತಾನೆ. ಪಾತ್ರ ಮಾಡಿದವರು ಆಗಿನ ಜನಪ್ರಿಯ ಹಾಸ್ಯನಟ ಶಿಮ್ ಹ್ಯೂಂಗ್-ರೆ. ಮೈ ಬದಲಾಗುವ ಮುಂಚಿನ ಮನುಷ್ಯ ಎಷ್ಟು ಪೆದ್ದನೋ ರೂಪಾಂತರ ಅಷ್ಟು ಹಿತ ಎಂಬ ಲೆಕ್ಕವನ್ನು ಕೊರಿಯಾದವರು ಸರಿಯಾಗಿ ಹಿಡಿದರು.

ಪೂರ್ವ ಏಷ್ಯಾದ ಗಡಿ ದಾಟಿ ಒಂದು ಹೆಜ್ಜೆ ಇಡಲು ಅನುಮತಿ ಬೇಡುತ್ತೇನೆ. ಕಾರಣ, ಅಲ್ಲಿ ಸಿಗುವವನು ನಮ್ಮವನೇ. 1974ರಲ್ಲಿ ತ್ಸುಬುರಾಯಾ ಸಂಸ್ಥೆ ಮತ್ತು ಥಾಯ್ಲೆಂಡಿನ ಚೈಯೊ ಸಂಸ್ಥೆ ಜಂಟಿಯಾಗಿ ಒಂದು ಚಿತ್ರ ತೆಗೆದವು. ಗುಡಿಯ ಬುದ್ಧವಿಗ್ರಹ ಕದಿಯುವ ಕಳ್ಳರನ್ನು ತಡೆಯಹೋದ ಬಾಲಕನನ್ನು ಅವರು ಗುಂಡಿಟ್ಟು ಕೊಲ್ಲುತ್ತಾರೆ. ಅಲ್ಟ್ರಾಮನ್‌ಗಳ ತಾಯಿ ಅವನನ್ನು ಮರಳಿ ಬದುಕಿಸುತ್ತಾಳೆ. ಬಾಲಕ ಎದ್ದು ಬರುವುದು ಹನುಮಂತನಾಗಿ, ಆರು ಅಲ್ಟ್ರಾಮನ್‌ಗಳ ಜೊತೆ ಸೇರಿ ಹೋರಾಡುವವನಾಗಿ. ಹಯಾತಾನ ಸಾವು ಮತ್ತು ಮರುಹುಟ್ಟಿನ ಕಥೆಗೆ ಥಾಯ್ ಜನರ ರಾಮಾಯಣವಾದ 'ರಾಮಕೀನ್' ಹೀಗೆ ಬೆಸೆದುಕೊಂಡಿತು. ಮುಂದೆ ಅಲ್ಟ್ರಾಮನ್ ಹಕ್ಕುಗಳಿಗಾಗಿ ಈ ಎರಡು ಸಂಸ್ಥೆಗಳ ವ್ಯಾಜ್ಯ ಜಪಾನ್, ಥಾಯ್ಲೆಂಡ್, ಅಮೆರಿಕದ ನ್ಯಾಯಾಲಯಗಳ ಮೆಟ್ಟಿಲೇರಿತು.

ನಮ್ಮ ಮನೆಗಳ ಟಿವಿಗೆ ಈ ಪರಂಪರೆ ಬಂದದ್ದು ಬಳಸು ದಾರಿಯಲ್ಲಿ, 'ಪವರ್ ರೇಂಜರ್ಸ್' ಹೆಸರಿನಲ್ಲಿ. 1992ರ ಜಪಾನಿನ 'ಜ್ಯೂರೇಂಜರ್' ಸರಣಿಯ ಕಾಳಗದ ದೃಶ್ಯಗಳನ್ನು ಹಾಗೇ ಉಳಿಸಿಕೊಂಡು, ಮುಖ ಕಾಣುವ ದೃಶ್ಯಗಳನ್ನು ಅಮೆರಿಕದ ನಟರಿಂದ ಹೊಸದಾಗಿ ತೆಗೆದು 1993ರಲ್ಲಿ ಬಿಡುಗಡೆ ಮಾಡಿದರು. ರೂಪಾಂತರಕ್ಕೆ ಮುಂಚೆ ಅಮೆರಿಕದ ಹುಡುಗ, ಹೆಲ್ಮೆಟ್ ಬಂದ ಕೂಡಲೇ ಜಪಾನಿನ ಸಾಹಸ ಕಲಾವಿದ. ಮೈ ಬದಲಾಗುವ ಆ ಒಂದು ಕಟ್‌ನಲ್ಲಿ ದೇಶವೇ ಬದಲಾಗುತ್ತಿತ್ತು. ನೋಡುವ ಮಕ್ಕಳಿಗೆ ಗೊತ್ತಾಗಲಿಲ್ಲ.

ಆಕರ್ಷಣೆ ಎಲ್ಲಿದೆ?

ಮೊದಲನೆಯದಾಗಿ, ಇದು ಎಲ್ಲರ ಕೈಗೆಟಕುವ ಮಂತ್ರ. ಹುಟ್ಟುಬಲ ಬೇಕಿಲ್ಲ, ಶ್ರೀಮಂತಿಕೆ ಬೇಕಿಲ್ಲ. ಒಂದು ಭಂಗಿ, ಒಂದು ಕೂಗು ಸಾಕು. ಅದನ್ನು ಆಡಿ ತೋರಿಸಲು ಬಡ ಮಗುವಿಗೂ ಖರ್ಚಿಲ್ಲ.

ಎರಡನೆಯದಾಗಿ, ಇಲ್ಲಿ ನಾಯಕ ಮನುಷ್ಯನಾಗಿಯೇ ಉಳಿಯುತ್ತಾನೆ. 'ಅಲ್ಟ್ರಾಮನ್'ನ 34ನೇ ಕಂತಿನಲ್ಲಿ ಹಯಾತಾ ಊಟಕ್ಕೆ ಕೂತಿದ್ದಾನೆ. ಕರೆ ಬಂದೊಡನೆ ಓಡಿ, ಕೈ ಮೇಲೆತ್ತುತ್ತಾನೆ. ಏನೂ ಆಗುವುದಿಲ್ಲ. ನೋಡಿದರೆ ಕೈಯಲ್ಲಿರುವುದು ರೂಪಾಂತರದ ಕ್ಯಾಪ್ಸೂಲ್ ಅಲ್ಲ, ಅನ್ನ-ಕರಿ ತಿನ್ನುತ್ತಿದ್ದ ಚಮಚ! ನಿರ್ದೇಶಕ ಮತ್ತೆ ಅದೇ ಜಿಸ್ಸೋಜಿ. ಇಂಥ ಎಡವಟ್ಟು ಮಾಡಬಲ್ಲವನನ್ನು ಪ್ರೇಕ್ಷಕ ತನ್ನವನೆಂದು ಒಪ್ಪುತ್ತಾನೆ.

ಮೂರನೆಯದು ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು. ಈ ಕಥೆಗಳು ಬಲವನ್ನು ವರವೆಂದು ತೋರಿಸುವುದಿಲ್ಲ, ಋಣವೆಂದು ತೋರಿಸುತ್ತವೆ. ಹಯಾತಾನ ಬಲದ ಹಿಂದೆ ಒಂದು ಸಾವಿದೆ, ಹೊಂಗೊನ ಬಲದ ಹಿಂದೆ ಅಪಹರಣವಿದೆ, ಥಾಯ್ ಬಾಲಕನ ಬಲದ ಹಿಂದೆ ಕೊಲೆಯಿದೆ. 'ಅಲ್ಟ್ರಾಮನ್' ಸರಣಿಯ ಕೊನೆಯ ಕಂತಿನಲ್ಲಿ ನಾಯಕ ಸೋಲುತ್ತಾನೆ. ವೈರಿ ಜೆಟ್ಟೋನ್‌ನನ್ನು ಕೊಲ್ಲುವವರು ಸಾಮಾನ್ಯ ಮನುಷ್ಯರು. ಪರಲೋಕದವನು ಹಿಂದಿರುಗಿದ ಮೇಲೆ ಹಯಾತಾ ಬದುಕುತ್ತಾನೆ, ಆದರೆ ತಾನು ಅಲ್ಟ್ರಾಮನ್ ಆಗಿದ್ದದ್ದು ಅವನ ನೆನಪಿನಲ್ಲಿಲ್ಲ. ಕೊಟ್ಟ ಬಲವನ್ನು ನೆನಪಿನ ಸಮೇತ ವಾಪಸು ಪಡೆದ ಕಥೆ ಇದು.

ಈ ನಾಯಕರ ಕಥೆಗಳೆಲ್ಲ ಜಮೀಲಾನ ಕಂತಿನ ಎತ್ತರದಲ್ಲಿಲ್ಲ. ಬಹಳಷ್ಟು ಕಂತುಗಳು ಬರೀ ಹೊಡೆದಾಟ, ಮುಂದಿನ ಆಟಿಕೆಯ ಜಾಹೀರಾತು. ಹಿಂಸೆಯ ದೂರು 'ಗೆಕ್ಕೊ ಕಮೆನ್' ಕಾಲದಿಂದಲೂ ಇದೆ. 2021ರಲ್ಲಿ ಚೀನಾದ ಜಾಲತಾಣಗಳು 'ಅಲ್ಟ್ರಾಮನ್ ತಿಗಾ'ವನ್ನು ಕೆಲ ದಿನ ಹಿಂತೆಗೆದುಕೊಂಡಿದ್ದವು. ಆದರೆ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸಲು ಒಂದು ಅಳತೆಗೋಲು ನಮ್ಮಲ್ಲಿದೆ. ಮೈ ಬದಲಾದದ್ದಕ್ಕೆ ಲೆಕ್ಕ ಕೊಡುವ ಕಥೆ ಉಳಿಯುತ್ತದೆ. ಲೆಕ್ಕ ಕೊಡದೆ ಬರೀ ಮುಷ್ಟಿ ಬೀಸುವ ಕಥೆ ಆಟಿಕೆಯ ಜೊತೆಗೇ ಮೂಲೆ ಸೇರುತ್ತದೆ.

ಕನ್ನಡದಲ್ಲಿ ಮಕ್ಕಳ ಸಿನಿಮಾ ಬರೆಯುವವರಿಗೂ ಸಿನಿಮಾ ಓದುವ ವಿದ್ಯಾರ್ಥಿಗಳಿಗೂ ನನ್ನದೊಂದು ವಿನಂತಿ. ಜನಪ್ರಿಯವೆಂಬ ಕಾರಣಕ್ಕೆ, ರಬ್ಬರಿನ ಉಡುಪು ಎಂಬ ಕಾರಣಕ್ಕೆ ಈ ಚಿತ್ರಗಳನ್ನು ಪಠ್ಯದಿಂದ ಹೊರಗಿಡಬೇಡಿ. 'ಅಲ್ಟ್ರಾಮನ್'ನ 23ನೇ ಕಂತನ್ನು ತರಗತಿಯಲ್ಲಿ ತೋರಿಸಿ, ಚರ್ಚೆ ಮಾಡಿ. ನಾಳೆ ನೀವೇ ಬಲಶಾಲಿ ನಾಯಕನೊಬ್ಬನನ್ನು ಸೃಷ್ಟಿಸುವಾಗ ಅವನ ಬಲದ ಪ್ರಮಾಣವನ್ನು ಆಮೇಲೆ ನಿರ್ಧರಿಸಿ. ಆ ಬಲಕ್ಕೆ ಯಾರು ಏನು ತೆತ್ತರು ಎಂಬುದನ್ನು ಮೊದಲು ಬರೆದುಕೊಳ್ಳಿ.